ಪಿಎಸ್4 ನಿಧಾನವಾಗಿದೆಯೇ? ಅಂಗಡಿಗೆ ಒಯ್ಯುವ ಮುನ್ನ ಮನೆಯಲ್ಲೇ ಮಾಡಬೇಕಾದ ಪರೀಕ್ಷೆ ಮತ್ತು ದುರಸ್ತಿ

ಗೇಮ್ ಸ್ಟಕ್ ಆಗುತ್ತಿದೆ, ಲ್ಯಾಗ್ ಹೊಡೆಯುತ್ತಿದೆ, ಮೆನು ತೆರೆಯುವುದಕ್ಕೇ ಅರ್ಧ ನಿಮಿಷ ಬೇಕು, ಇದಕ್ಕೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್) ಹಾಕಿಸಬೇಕೋ, ಇಂಟರ್ನೆಟ್ ಪ್ಲ್ಯಾನ್ ಬದಲಿಸಬೇಕೋ, ಹೊಸ ಕನ್ಸೋಲನ್ನೇ ಕೊಳ್ಳಬೇಕೋ ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿರುತ್ತದೆ. ಇದಕ್ಕೆ ಒಂದೇ ಸಾಲಿನ ಉತ್ತರ ಕೊಡಲಾಗುವುದಿಲ್ಲ. ನಾವು ಲ್ಯಾಗ್ ಎಂದು ಒಟ್ಟಾಗಿ ಕರೆಯುವುದು ನಾಲ್ಕು ಬೇರೆ ಬೇರೆ ತೊಂದರೆಗಳನ್ನು. ಒಂದಕ್ಕೆ ಮಾಡಿದ ಖರ್ಚು ಇನ್ನೊಂದಕ್ಕೆ ಸ್ವಲ್ಪವೂ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಮೊದಲು ತೊಂದರೆ ಎಲ್ಲಿದೆ ಎಂದು ಪತ್ತೆ ಮಾಡಿ, ಬಳಿಕ ಖರ್ಚಿಲ್ಲದ ಉಪಾಯಗಳಿಂದ ಆರಂಭಿಸಿ, ಹಣ ತೆರಬೇಕಾದ ಉಪಾಯಗಳನ್ನು ಕೊನೆಗೆ ಇಟ್ಟುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ಸೋನಿಯ ಪ್ಲೇಸ್ಟೇಷನ್ 4. ಇದು 2013ರ ನವೆಂಬರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಯಂತ್ರ. 2016ರಲ್ಲಿ ಸ್ಲಿಮ್ ಮತ್ತು ಪ್ರೊ ಮಾದರಿಗಳು ಬಂದವು. ಇವುಗಳಲ್ಲಿ ಅನೇಕವು ಈಗ ಎರಡನೆಯ, ಮೂರನೆಯ ಕೈ ಸೇರಿ ಇನ್ನೂ ಓಡುತ್ತಿವೆ, ನಿಧಾನವಾಗಿದೆ ಎಂಬ ದೂರೂ ಅವುಗಳ ಬಗ್ಗೆಯೇ ಹೆಚ್ಚು. ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಬಳಸುವವರಿಗೆ ಕ್ರಮ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಕೊನೆಯಲ್ಲಿ ಹೇಳಿದ್ದೇನೆ.

ಕೈಯಲ್ಲಿ ಇರಬೇಕಾದವು

ಡೇಟಾ ಹರಿಸಬಲ್ಲ ಒಂದು ಯುಎಸ್‌ಬಿ ಕೇಬಲ್ (ಕೇವಲ ಚಾರ್ಜ್ ಮಾಡುವ ಕೇಬಲ್ ಸಾಲದು), ಒಂದು ಪೆನ್ ಡ್ರೈವ್, ಕನ್ಸೋಲಿನಿಂದ ರೌಟರಿನವರೆಗೆ ತಲುಪುವಷ್ಟು ಉದ್ದದ ಲ್ಯಾನ್ ಕೇಬಲ್, ಮೆತ್ತನೆಯ ಒಣ ಬ್ರಷ್ಷು ಮತ್ತು ಸಾಧ್ಯವಿದ್ದರೆ ಒಂದು ಲ್ಯಾಪ್‌ಟಾಪ್. ಇವುಗಳ ಜೊತೆಗೆ ನಿಮ್ಮ ಯಂತ್ರದ ಮಾದರಿ ಸಂಖ್ಯೆಯೂ ಬೇಕು. ಕನ್ಸೋಲಿನ ಹಿಂಬದಿ ಅಥವಾ ಕೆಳಬದಿಯ ಚೀಟಿಯಲ್ಲಿ ಸಿಯುಎಚ್ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ: ಸಿಯುಎಚ್-1000, 1100, 1200 ಸರಣಿಗಳು ಮೂಲ ಪಿಎಸ್4, ಸಿಯುಎಚ್-2000 ಸರಣಿ ಸ್ಲಿಮ್, ಸಿಯುಎಚ್-7000 ಸರಣಿ ಪ್ರೊ. ಮುಂದಿನ ಹಲವು ಹಂತಗಳಲ್ಲಿ ಈ ಸಂಖ್ಯೆ ಬೇಕಾಗುತ್ತದೆ.

ಹಂತ 1: ತೊಂದರೆ ಯಾವುದೆಂದು ಗುರುತಿಸಿ

ವೈಫೈಯನ್ನು ಆಫ್ ಮಾಡಿ, ಲ್ಯಾನ್ ಕೇಬಲ್ ಇದ್ದರೆ ಅದನ್ನೂ ತೆಗೆದು, ಒಬ್ಬರೇ ಆಡಬಹುದಾದ ಆಟವೊಂದನ್ನು ಅರ್ಧ ಗಂಟೆ ಆಡಿ ನೋಡಿ. ಆಗ ಎಲ್ಲವೂ ಸರಾಗವಾಗಿದ್ದು, ಆನ್‌ಲೈನ್ ಪಂದ್ಯದಲ್ಲಿ ಮಾತ್ರ ಎದುರಾಳಿಗಳು ಇದ್ದಲ್ಲಿಂದ ಇನ್ನೆಲ್ಲಿಗೋ ಹಾರಿದಂತೆ ಕಂಡರೆ ನಿಮ್ಮದು ನೆಟ್‌ವರ್ಕ್ ತೊಂದರೆ. ನೇರವಾಗಿ ಹಂತ 5ಕ್ಕೆ ಹೋಗಬಹುದು. ಚಿತ್ರ ನಯವಾಗಿ ಓಡುತ್ತಿದ್ದು, ಗುಂಡಿ ಒತ್ತಿದ ಮೇಲೆ ಆಟಗಾರ ತಡವಾಗಿ ಒದೆಯುತ್ತಿದ್ದಾನೆ ಎನಿಸಿದರೆ ಅದು ಇನ್‌ಪುಟ್ ಲ್ಯಾಗ್, ಅಂದರೆ ಕೈಯ ಆದೇಶ ಪರದೆಯ ಮೇಲೆ ಕಾಣಿಸಿಕೊಳ್ಳುವುದರಲ್ಲಿ ಆಗುವ ವಿಳಂಬ. ಇದರಲ್ಲಿ ತಪ್ಪು ಹೆಚ್ಚಾಗಿ ಟಿವಿಯದು. ಮೆನು, ಲೋಡಿಂಗ್, ಗೇಮ್ ತೆರೆಯುವಿಕೆ ನಿಧಾನವಾಗಿದ್ದು ಆಟ ಒಮ್ಮೆ ಶುರುವಾದ ಮೇಲೆ ಸರಿಯಾಗಿದ್ದರೆ ಹಾರ್ಡ್ ಡಿಸ್ಕ್ ಮತ್ತು ಅದರೊಳಗಿನ ಡೇಟಾಬೇಸ್ ಕಡೆಗೆ ನೋಡಬೇಕು. ಆಫ್‌ಲೈನ್‌ನಲ್ಲೂ ಚಿತ್ರವೇ ತಡವರಿಸುತ್ತಿದ್ದರೆ ಅದು ಫ್ರೇಮ್ ರೇಟ್ ಕುಸಿತ. ಫ್ರೇಮ್ ರೇಟ್ ಎಂದರೆ ಸೆಕೆಂಡಿಗೆ ಯಂತ್ರ ಎಷ್ಟು ಚಿತ್ರಗಳನ್ನು ಬಿಡಿಸುತ್ತದೆ ಎಂಬ ಲೆಕ್ಕ. ಪಿಎಸ್4ರ ಆಟಗಳು ಸಾಮಾನ್ಯವಾಗಿ 30 ಅಥವಾ 60ರ ಗುರಿ ಇಟ್ಟುಕೊಂಡಿರುತ್ತವೆ.

ಈ ಕೊನೆಯ ತೊಂದರೆಯ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಆಟದಲ್ಲಿ, ಅದರಲ್ಲೂ ಜನಜಂಗುಳಿಯ ಬೀದಿ ಅಥವಾ ಸ್ಫೋಟದ ದೃಶ್ಯಗಳಲ್ಲಿ ಮಾತ್ರ ಕುಸಿತ ಕಂಡರೆ ನಿಮ್ಮ ಯಂತ್ರದಲ್ಲಿ ಯಾವ ದೋಷವೂ ಇಲ್ಲದಿರಬಹುದು. 2020ರ ಡಿಸೆಂಬರಿನಲ್ಲಿ ಬಂದ ಸೈಬರ್‌ಪಂಕ್ 2077 ಪಿಎಸ್4ರಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ, ಸೋನಿ ಅದನ್ನು ಅದೇ ತಿಂಗಳು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿ, ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. ಅಂತಹ ಆಟಕ್ಕೆ ಬರುವ ಹೊಸ ಅಪ್‌ಡೇಟ್ ಹಾಕಿಕೊಳ್ಳುವುದನ್ನು ಬಿಟ್ಟು ಬಳಕೆದಾರ ಮಾಡಬಹುದಾದದ್ದು ಹೆಚ್ಚೇನೂ ಇಲ್ಲ. ಪ್ರೊ ಮಾದರಿ ಇರುವವರು ಮಾತ್ರ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಬೂಸ್ಟ್ ಮೋಡ್’ ಆನ್ ಇದೆಯೇ ಎಂದು ನೋಡಿಕೊಳ್ಳಬೇಕು. ಪ್ರೊಗಾಗಿ ಪ್ರತ್ಯೇಕವಾಗಿ ತಿದ್ದದ ಹಳೆಯ ಆಟಗಳಿಗೂ ಯಂತ್ರದ ಹೆಚ್ಚಿನ ವೇಗ ಅದರಿಂದ ಸಿಗುತ್ತದೆ. ಆಟದೊಳಗಿನ ಸೆಟ್ಟಿಂಗ್ಸ್‌ನಲ್ಲಿ ‘ಪರ್ಫಾರ್ಮೆನ್ಸ್’ ಎಂಬ ಆಯ್ಕೆ ಇದ್ದರೆ ಚಿತ್ರದ ಸೊಬಗು ತುಸು ಕಡಿಮೆಯಾದರೂ ಅದನ್ನೇ ಆರಿಸಿಕೊಳ್ಳಿ.

ಹಂತ 2: ಟಿವಿ ಮತ್ತು ಕಂಟ್ರೋಲರ್

ಇಂದಿನ ಟಿವಿಗಳು ಕನ್ಸೋಲ್ ಕಳುಹಿಸಿದ ಚಿತ್ರವನ್ನು ಹಾಗೆಯೇ ತೋರಿಸುವುದಿಲ್ಲ. ಬಣ್ಣ ತಿದ್ದಿ, ಅಂಚುಗಳನ್ನು ಚೂಪು ಮಾಡಿ, ಎರಡು ಚಿತ್ರಗಳ ನಡುವೆ ತಾವೇ ಒಂದನ್ನು ಹುಟ್ಟಿಸಿ ಸೇರಿಸಿ ಆಮೇಲೆ ತೋರಿಸುತ್ತವೆ. 60 ಫ್ರೇಮ್‌ಗಳ ಆಟದಲ್ಲಿ ಒಂದು ಚಿತ್ರದ ಆಯುಸ್ಸು ಸುಮಾರು 16.7 ಮಿಲಿಸೆಕೆಂಡು, ಟಿವಿ ತನ್ನ ಅಲಂಕಾರಕ್ಕೆ 100 ಮಿಲಿಸೆಕೆಂಡು ತೆಗೆದುಕೊಂಡರೆ ನೀವು ಆರು ಚಿತ್ರಗಳಷ್ಟು ಹಿಂದೆ ಬಿದ್ದಂತಾಯಿತು. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಪೆನಾಲ್ಟಿ ತಡೆಯಬೇಕಾದ ಗೋಲ್‌ಕೀಪರಿಗೆ ಮಾತ್ರ ಗೊತ್ತಾಗುತ್ತದೆ.

ಟಿವಿಯ ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ ‘ಗೇಮ್ ಮೋಡ್’ ಆರಿಸಿ. ಚಲನೆಯನ್ನು ನಯಗೊಳಿಸುವ ಸೌಲಭ್ಯಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದ್ದರೂ ಹೆಚ್ಚಿನವುಗಳಲ್ಲಿ ‘ಮೋಷನ್’ ಎಂಬ ಪದ ಇರುತ್ತದೆ; ಅದನ್ನು ಪೂರ್ತಿ ಆಫ್ ಮಾಡಿ. ಇಲ್ಲಿ ಹಲವರು ಎಡವುವುದು ಒಂದು ಸಣ್ಣ ಸಂಗತಿಯಲ್ಲಿ: ಅನೇಕ ಟಿವಿಗಳಲ್ಲಿ ಈ ಸೆಟ್ಟಿಂಗ್ ಪ್ರತಿ ಎಚ್‌ಡಿಎಂಐ ಕಿಂಡಿಗೂ ಪ್ರತ್ಯೇಕವಾಗಿರುತ್ತದೆ. ಸೆಟ್‌ಟಾಪ್ ಬಾಕ್ಸ್ ನೋಡುತ್ತಿರುವಾಗ ಗೇಮ್ ಮೋಡ್ ಹಾಕಿದರೆ ಅದು ಸೆಟ್‌ಟಾಪ್ ಬಾಕ್ಸಿಗೆ ಮಾತ್ರ ಅನ್ವಯಿಸುತ್ತದೆ. ಕನ್ಸೋಲಿನ ಚಿತ್ರ ಪರದೆಯ ಮೇಲಿರುವಾಗಲೇ ಬದಲಾಯಿಸಬೇಕು. ಕನ್ಸೋಲನ್ನು ಸೌಂಡ್‌ಬಾರ್ ಅಥವಾ ಎಚ್‌ಡಿಎಂಐ ಸ್ಪ್ಲಿಟರ್ ಮೂಲಕ ಜೋಡಿಸಿದ್ದರೆ ಒಮ್ಮೆ ಅದನ್ನು ತಪ್ಪಿಸಿ ನೇರವಾಗಿ ಟಿವಿಗೆ ಜೋಡಿಸಿ ಪರೀಕ್ಷಿಸಿ.

ಇಷ್ಟರಿಂದಲೂ ಸರಿಹೋಗದಿದ್ದರೆ ಕಂಟ್ರೋಲರನ್ನು ಪರೀಕ್ಷಿಸಬೇಕು. ಅದು ಬ್ಲೂಟೂತ್ ಮೂಲಕ ಮಾತಾಡುತ್ತದೆ. ಬ್ಲೂಟೂತ್ ಬಳಸುವುದು 2.4 ಗಿಗಾಹರ್ಟ್ಸ್ ತರಂಗಗಳನ್ನು, ಹಳೆಯ ವೈಫೈ ಬಳಸುವುದೂ ಅದನ್ನೇ. ರೌಟರ್ ಕನ್ಸೋಲಿಗೆ ಅಂಟಿಕೊಂಡೇ ಇದ್ದರೆ ದೂರ ಸರಿಸಿ. ಟಚ್‌ಪ್ಯಾಡಿನ ಮೇಲಂಚಿನಲ್ಲೂ ಬೆಳಕಿನ ಗೆರೆ ಕಾಣುವ 2016ರ ನಂತರದ ಕಂಟ್ರೋಲರ್ ನಿಮ್ಮಲ್ಲಿದ್ದರೆ, ಸೆಟ್ಟಿಂಗ್ಸ್, ಡಿವೈಸಸ್, ಕಂಟ್ರೋಲರ್ಸ್ ಎಂಬಲ್ಲಿ ಸಂಪರ್ಕ ವಿಧಾನವನ್ನು ಯುಎಸ್‌ಬಿ ಕೇಬಲ್‌ಗೆ ಬದಲಿಸಿ ಆಡಿ ನೋಡಬಹುದು. ಮೊದಲ ಪೀಳಿಗೆಯ ಕಂಟ್ರೋಲರಿನಲ್ಲಿ ಈ ಸೌಲಭ್ಯವಿಲ್ಲ. ಅದಕ್ಕೆ ಕೇಬಲ್ ಚುಚ್ಚಿದರೂ ಚಾರ್ಜ್ ಆಗುತ್ತದೆಯೇ ಹೊರತು ಮಾತು ಬ್ಲೂಟೂತ್‌ನಲ್ಲೇ ನಡೆಯುತ್ತದೆ.

ಹಂತ 3: ಬಿಸಿ ಮತ್ತು ಧೂಳು

ಪಿಎಸ್4ಕ್ಕೆ ತಯಾರಕರು ಹೇಳುವ ಕೋಣೆಯ ಉಷ್ಣತೆಯ ಮಿತಿ 5ರಿಂದ 35 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿ, ಬಳ್ಳಾರಿಗಳ ಏಪ್ರಿಲ್ ಮಧ್ಯಾಹ್ನಗಳನ್ನು ಕಂಡವರಿಗೆ ಈ ಮಿತಿ ಎಷ್ಟು ಸುಲಭವಾಗಿ ದಾಟಿಹೋಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಗಾಜಿನ ಬಾಗಿಲಿರುವ ಟಿವಿ ಶೋಕೇಸಿನೊಳಗೆ ಕನ್ಸೋಲ್ ಇಟ್ಟರೆ ಬೆಂಗಳೂರಿನಲ್ಲೂ ಅದೇ ಸ್ಥಿತಿ.

ಬಿಸಿಯಾದ ಪಿಎಸ್4 ಸಾಮಾನ್ಯವಾಗಿ ಮೊದಲು ಫ್ಯಾನ್ ಸದ್ದನ್ನು ಏರಿಸುತ್ತದೆ, ಬಳಿಕ ಯಂತ್ರ ಅತಿಯಾಗಿ ಬಿಸಿಯಾಗಿದೆ ಎಂಬ ಎಚ್ಚರಿಕೆ ತೋರಿಸುತ್ತದೆ, ಆಮೇಲೆ ತಾನಾಗಿಯೇ ಆರುತ್ತದೆ. ಹಾಗಾಗಿ ಸದ್ದು ಮಾಡದೆ, ಆರದೆ, ಬರೀ ನಿಧಾನವಾಗಿರುವ ಯಂತ್ರಕ್ಕೆ ಬಿಸಿಯೇ ಕಾರಣ ಎಂದು ದುರಸ್ತಿಯವರು ಹೇಳಿದರೆ ಒಡನೆಯೇ ಒಪ್ಪಿಕೊಳ್ಳಬೇಡಿ.

ಕನ್ಸೋಲನ್ನು ಪೂರ್ತಿ ಆಫ್ ಮಾಡಿ, ವೈರುಗಳನ್ನೆಲ್ಲ ತೆಗೆದು, ಕಿಟಕಿಯ ಬೆಳಕಿಗೆ ಹಿಂಬದಿಯನ್ನು ಹಿಡಿದು ನೋಡಿ. ಬಿಸಿಗಾಳಿ ಹೊರಬರುವ ಜಾಲರಿಯ ಸೀಳುಗಳಲ್ಲಿ ಬೂದು ಬಣ್ಣದ, ಹತ್ತಿಯಂತಹ ಪದರ ಕಾಣಿಸಿದರೆ ಒಳಗಿನ ಲೋಹದ ರೆಕ್ಕೆಗಳಲ್ಲಿ ಅದಕ್ಕಿಂತ ಹೆಚ್ಚೇ ಇದೆ ಎಂದು ತಿಳಿಯಿರಿ. ದೇವರ ಕೋಣೆಯ ಊದುಬತ್ತಿ ಹೊಗೆ, ಒಗ್ಗರಣೆಯ ಜಿಡ್ಡು ತಲುಪುವಲ್ಲಿ ಇಟ್ಟ ಯಂತ್ರದ ಧೂಳು ಪುಡಿಯಾಗಿ ಉದುರದೆ ಅಂಟಂಟಾಗಿ ಕೂತಿರುತ್ತದೆ. ಒಣ ಬ್ರಷ್ಷಿನಿಂದ ಸೀಳುಗಳ ಉದ್ದಕ್ಕೆ ಬಿಡಿಸಿ, ಬಳಿಕ ಒತ್ತಡದ ಗಾಳಿಯ ಡಬ್ಬಿಯನ್ನು ನೆಟ್ಟಗೆ ಹಿಡಿದು ಚಿಕ್ಕ ಚಿಕ್ಕ ಊದುಗಳಲ್ಲಿ ಹೊರಹಾಕಿ. ಡಬ್ಬಿಯನ್ನು ಓರೆ ಮಾಡಿದರೆ ತಣ್ಣನೆಯ ದ್ರವ ಚಿಮ್ಮುತ್ತದೆ. ಅಂಗಡಿಯ ದೊಡ್ಡ ಬ್ಲೋವರನ್ನು ಹತ್ತಿರದಿಂದ ಬಿಟ್ಟರೆ ಫ್ಯಾನ್ ಅಳತೆ ಮೀರಿ ತಿರುಗಿ ಹಾಳಾಗಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಮೂತಿ ಸ್ಥಾಯಿ ವಿದ್ಯುತ್ತನ್ನು ಹುಟ್ಟಿಸುವುದರಿಂದ ಅದನ್ನು ಬಿಚ್ಚಿದ ಯಂತ್ರದ ಬಳಿಗೆ ತರಲೇಬಾರದು. ಒದ್ದೆ ಬಟ್ಟೆಯೂ ಬೇಡ.

ಮರಳಿ ಇಡುವಾಗ ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರ ಬಿಡಿ; ಹಾಸಿಗೆ, ಜಮಖಾನೆಗಳ ಮೇಲೆ ಇಡಬೇಡಿ. ಧೂಳು ಬರದಂತೆ ಕಸೂತಿಯ ಹೊದಿಕೆ ಹಾಕಿಡುವ ಮನೆಗಳಿವೆ. ಆಡುವಾಗ ಅದನ್ನು ತೆಗೆಯಲು ಮರೆಯಬಾರದು.

ಇದೆಲ್ಲ ಆದಮೇಲೂ ಐದಾರು ವರ್ಷದ ಯಂತ್ರ ಅರಚುತ್ತಲೇ ಇದ್ದರೆ ಥರ್ಮಲ್ ಪೇಸ್ಟ್ ಒಣಗಿರಬಹುದು. ಪ್ರೊಸೆಸರಿನ ಬಿಸಿಯನ್ನು ಲೋಹದ ತಂಪುಕಾರಕಕ್ಕೆ ದಾಟಿಸುವ ಲೇಪ ಅದು. ಬದಲಿಸಲು ಯಂತ್ರವನ್ನು ಪೂರ್ತಿ ಬಿಚ್ಚಬೇಕು, ನಡುವೆ ತೂತಿರುವ ನಕ್ಷತ್ರಾಕಾರದ ಸ್ಕ್ರೂಡ್ರೈವರ್ ಬೇಕು, ತೆಳುವಾದ ರಿಬ್ಬನ್ ಕೇಬಲ್ಲುಗಳನ್ನು ಹರಿಯದಂತೆ ತೆಗೆಯಬೇಕು. ಮೊದಲ ಬಾರಿಗೆ ಸ್ಕ್ರೂಡ್ರೈವರ್ ಹಿಡಿಯುವವರಿಗೆ ಇದು ತಕ್ಕ ಕೆಲಸವಲ್ಲ; ಅನುಭವವಿರುವವರಿಂದ ಮಾಡಿಸಿ.

ಹಂತ 4: ಜಾಗ ಖಾಲಿ ಮಾಡಿ, ಡೇಟಾಬೇಸ್ ಮರುಜೋಡಿಸಿ

ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡಿ. ಒಂದು ದೊಡ್ಡ ಆಟದ ಅಪ್‌ಡೇಟ್ ಬಂದಾಗ ಪಿಎಸ್4 ಹಳೆಯ ಕಡತಗಳನ್ನು ನಕಲು ಮಾಡಿಕೊಂಡು ಹೊಸದನ್ನು ಕಟ್ಟುತ್ತದೆ. ಅಂದರೆ ಅಪ್‌ಡೇಟ್ 2 ಜಿಬಿ ಇದ್ದರೂ ಇಡೀ ಆಟದಷ್ಟು ಖಾಲಿ ಜಾಗ ಬೇಕಾಗಬಹುದು. 500 ಜಿಬಿಯ ಡಿಸ್ಕಿನಲ್ಲಿ ಕನಿಷ್ಠ 100 ಜಿಬಿ ಖಾಲಿ ಇಟ್ಟುಕೊಳ್ಳುವುದು ನನ್ನ ಲೆಕ್ಕದಲ್ಲಿ ಒಳ್ಳೆಯದು. ಆಡದ ಆಟಗಳನ್ನು ಅಳಿಸಲು ಹಿಂಜರಿಯಬೇಡಿ, ಸೇವ್ ಡೇಟಾ, ಅಂದರೆ ನೀವು ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ, ಬೇರೆ ಕಡೆ ಇರುವುದರಿಂದ ಆಟದ ಜೊತೆ ಅಳಿಯುವುದಿಲ್ಲ. ಹಿನ್ನೆಲೆಯಲ್ಲಿ ಡೌನ್‌ಲೋಡ್ ನಡೆಯುತ್ತಿದ್ದರೆ ಆಡುವಷ್ಟು ಹೊತ್ತು ನಿಲ್ಲಿಸಿ. ಆಟ ಓದುತ್ತಿರುವ ಡಿಸ್ಕಿಗೇ ಡೌನ್‌ಲೋಡ್ ಬರೆಯುತ್ತಿರುತ್ತದೆ. ಆಟದ ಕೊನೆಯ 15 ನಿಮಿಷಗಳನ್ನು ಕನ್ಸೋಲ್ ಸದಾ ರೆಕಾರ್ಡ್ ಮಾಡುತ್ತಿರುವುದರಿಂದಲೇ ಲ್ಯಾಗ್ ಎಂದು ಹೇಳುವವರಿದ್ದಾರೆ. ಆ ಕೆಲಸಕ್ಕೆ ಯಂತ್ರದಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇರುವುದರಿಂದ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಡೇಟಾಬೇಸ್. ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ ಎಂದು ಬರೆದಿಟ್ಟ ಪಟ್ಟಿ ಅದು, ಗ್ರಂಥಾಲಯದ ಸೂಚಿಪತ್ರದ ಹಾಗೆ. ವರ್ಷಗಟ್ಟಲೆ ಆಟಗಳನ್ನು ಹಾಕಿ ತೆಗೆದು ಮಾಡಿದಾಗ, ಅದಕ್ಕಿಂತ ಹೆಚ್ಚಾಗಿ ಆಡುತ್ತಿರುವಾಗಲೇ ಕರೆಂಟು ಹೋದಾಗ ಆ ಪಟ್ಟಿ ಅಸ್ತವ್ಯಸ್ತವಾಗುತ್ತದೆ. ಅದನ್ನು ಹೊಸದಾಗಿ ಬರೆಸುವ ಕ್ರಮ ಹೀಗಿದೆ:

1. ಮೊದಲು ಸೇವ್ ಡೇಟಾವನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ‘ಅಪ್ಲಿಕೇಷನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್’ ಎಂಬಲ್ಲಿ ಇದರ ಆಯ್ಕೆ ಇದೆ. ಪೆನ್ ಡ್ರೈವ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಬೇಕು.
2. ಕನ್ಸೋಲನ್ನು ಪೂರ್ತಿ ಆಫ್ ಮಾಡಿ. ಕಿತ್ತಳೆ ಬಣ್ಣದ ದೀಪ ಉರಿಯುತ್ತಿದ್ದರೆ ಅದು ರೆಸ್ಟ್ ಮೋಡ್, ಅಂದರೆ ಅರೆನಿದ್ರೆ, ಆಫ್ ಆದಂತಲ್ಲ. ಆ ಸ್ಥಿತಿಯಲ್ಲಿ ಪ್ಲಗ್ ಕೀಳುವುದೇ ಡೇಟಾಬೇಸ್ ಕೆಡುವುದಕ್ಕೆ ಒಂದು ಕಾರಣ.
3. ಪವರ್ ಗುಂಡಿಯನ್ನು ಒತ್ತಿ ಹಿಡಿಯಿರಿ. ಒತ್ತಿದೊಡನೆ ಒಂದು ಬೀಪ್ ಕೇಳಿಸುತ್ತದೆ. ಬೆರಳು ತೆಗೆಯದೆ ಕಾದರೆ ಸುಮಾರು 7 ಸೆಕೆಂಡುಗಳ ಮೇಲೆ ಇನ್ನೊಂದು. ಎರಡನೆಯದು ಕೇಳಿದ ಮೇಲೆ ಬಿಡಿ.
4. ಇದು ಸೇಫ್ ಮೋಡ್, ಅಂದರೆ ಅತ್ಯಗತ್ಯ ಕೆಲಸಗಳನ್ನಷ್ಟೇ ಮಾಡುವ ಸ್ಥಿತಿ. ಇಲ್ಲಿ ಬ್ಲೂಟೂತ್ ನಡೆಯುವುದಿಲ್ಲ. ಕಂಟ್ರೋಲರನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಪಿಎಸ್ ಗುಂಡಿ ಒತ್ತಿ. ಕಂಟ್ರೋಲರ್ ಸ್ಪಂದಿಸದಿದ್ದರೆ ನಿಮ್ಮ ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಇರುವಂಥದಾಗಿರಬಹುದು.
5. ಪಟ್ಟಿಯಲ್ಲಿ 5ನೆಯದಾದ ‘ರೀಬಿಲ್ಡ್ ಡೇಟಾಬೇಸ್’ ಆರಿಸಿ.

ಐದನೆಯದರ ಕೆಳಗೇ ಇರುವ 6 ಮತ್ತು 7ನೆಯ ಆಯ್ಕೆಗಳು ಯಂತ್ರವನ್ನು ಇನಿಷಿಯಲೈಸ್ ಮಾಡುತ್ತವೆ, ಅಂದರೆ ಆಟ, ಸೇವ್ ಡೇಟಾ, ಚಿತ್ರಗಳು ಎಲ್ಲವನ್ನೂ ಅಳಿಸಿಹಾಕುತ್ತವೆ. ಗುಂಡಿ ಒತ್ತುವ ಮುನ್ನ ಸಾಲನ್ನು ಎರಡು ಬಾರಿ ಓದಿ. ಮರುಜೋಡಣೆ ಕೆಲವು ನಿಮಿಷಗಳಲ್ಲಿ ಮುಗಿಯಬಹುದು, ಡಿಸ್ಕ್ ತುಂಬಿದ್ದರೆ ಗಂಟೆಗಳೇ ಹಿಡಿಯಬಹುದು. ಪ್ರಗತಿಯ ಪಟ್ಟಿ ಅಲ್ಲಾಡುತ್ತಿಲ್ಲವೆಂದು ಮಧ್ಯದಲ್ಲಿ ಪ್ಲಗ್ ಕೀಳಬಾರದು. ಕರೆಂಟು ಕೈಕೊಡುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಲೂಬಾರದು. ಪದೇ ಪದೇ ಕರೆಂಟು ಹೋಗುವ ಊರುಗಳಲ್ಲಿ ಕನ್ಸೋಲ್, ಟಿವಿ ಮತ್ತು ರೌಟರುಗಳ ಒಟ್ಟು ಭಾರವನ್ನು ಆಟ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಹೊರಬಲ್ಲ ಯುಪಿಎಸ್ ಇಟ್ಟುಕೊಳ್ಳುವುದು ಎಸ್‌ಎಸ್‌ಡಿಗಿಂತ ಮೊದಲು ಮಾಡಬೇಕಾದ ಖರ್ಚು ಎಂಬುದು ನನ್ನ ಅಭಿಪ್ರಾಯ.

ಹಂತ 5: ನೆಟ್‌ವರ್ಕ್

ಓದುಗರ ಹಣ ಹೆಚ್ಚು ವ್ಯರ್ಥವಾಗುವುದು ಇಲ್ಲಿ. ಇಂಟರ್ನೆಟ್ ಪ್ಲ್ಯಾನಿನಲ್ಲಿ ಹೇಳುವ ಎಂಬಿಪಿಎಸ್ ಎಂಬುದು ಸೆಕೆಂಡಿಗೆ ಎಷ್ಟು ಡೇಟಾ ಹರಿಯಬಲ್ಲದು ಎಂಬ ಅಳತೆ. ಆನ್‌ಲೈನ್ ಪಂದ್ಯವೊಂದಕ್ಕೆ ಬೇಕಾಗುವ ಡೇಟಾ ಬಹಳ ಕಡಿಮೆ; ಅದಕ್ಕೆ ಬೇಕಾದದ್ದು ಕಡಿಮೆ ಪಿಂಗ್. ನಿಮ್ಮ ಆದೇಶ ಸರ್ವರಿಗೆ ಹೋಗಿ ಉತ್ತರ ಮರಳಿ ಬರಲು ಹಿಡಿಯುವ ಸಮಯವೇ ಪಿಂಗ್. ಅದು ಕ್ಷಣಕ್ಕೊಂದು ರೀತಿ ಏರಿಳಿಯುವುದಕ್ಕೆ ಜಿಟ್ಟರ್ ಎನ್ನುತ್ತಾರೆ. 100 ಎಂಬಿಪಿಎಸ್ ಪ್ಲ್ಯಾನನ್ನು 300ಕ್ಕೆ ಏರಿಸಿದರೆ ಆಟಗಳು ಬೇಗ ಡೌನ್‌ಲೋಡ್ ಆಗುತ್ತವೆ. ಪಂದ್ಯದಲ್ಲಿನ ಲ್ಯಾಗ್ ಇದ್ದಂತೆಯೇ ಇರುತ್ತದೆ.

ತೊಂದರೆ ಮನೆಯೊಳಗಿದೆಯೋ ಹೊರಗಿದೆಯೋ ಎಂದು ತಿಳಿಯಲು ಲ್ಯಾಪ್‌ಟಾಪನ್ನು ಕನ್ಸೋಲ್ ಇರುವ ಜಾಗದಲ್ಲೇ ಇಟ್ಟು ಅದೇ ವೈಫೈಗೆ ಜೋಡಿಸಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ping -t ಎಂಬ ಆದೇಶದ ಮುಂದೆ ರೌಟರಿನ ವಿಳಾಸವನ್ನು (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಕೊಟ್ಟು ಕೆಲವು ನಿಮಿಷ ಓಡಿಸಿ. ನಿಮ್ಮ ಮನೆಯ ರೌಟರೇ ಉತ್ತರಿಸಲು ಒಮ್ಮೆ 3, ಒಮ್ಮೆ 80, ಒಮ್ಮೆ 200 ಮಿಲಿಸೆಕೆಂಡು ತೆಗೆದುಕೊಳ್ಳುತ್ತಿದ್ದರೆ ಇಂಟರ್ನೆಟ್ ಸಂಸ್ಥೆಗೆ ಫೋನ್ ಮಾಡಿ ಜಗಳವಾಡಿ ಪ್ರಯೋಜನವಿಲ್ಲ, ದೋಷ ವೈಫೈಯದು. ರೌಟರ್ ಸ್ಥಿರವಾಗಿ ಉತ್ತರಿಸುತ್ತಿದ್ದು ಹೊರಗಿನ ವಿಳಾಸಗಳಿಗೆ ಮಾತ್ರ ಏರಿಳಿತವಿದ್ದರೆ ಆಗ ಸಂಸ್ಥೆಗೆ ದೂರು ಕೊಡಿ.

ವೈಫೈ ದೋಷಕ್ಕೆ ಲ್ಯಾನ್ ಕೇಬಲ್ಲಿಗಿಂತ ಮಿಗಿಲಾದ ಔಷಧವಿಲ್ಲ. ಕ್ಯಾಟ್5ಇ ದರ್ಜೆಯ ಸಾಮಾನ್ಯ ಕೇಬಲ್ ಧಾರಾಳವಾಗಿ ಸಾಕು, ಗೇಮಿಂಗ್ ಕೇಬಲ್ ಎಂದು ದುಬಾರಿ ಬೆಲೆಗೆ ಮಾರುವುದನ್ನು ಕೊಳ್ಳಬೇಕಿಲ್ಲ. ಕೇಬಲ್ ಎಳೆಯಲಾಗದ ಮನೆಯಾದರೆ ಮಾದರಿ ಸಂಖ್ಯೆಯನ್ನು ನೋಡಿಕೊಳ್ಳಿ: ಸ್ಲಿಮ್ ಮತ್ತು ಪ್ರೊಗಳು 5 ಗಿಗಾಹರ್ಟ್ಸ್ ವೈಫೈಗೆ ಜೋಡಣೆಯಾಗುತ್ತವೆ, ಮೂಲ ಪಿಎಸ್4 ಆಗುವುದಿಲ್ಲ. ರೌಟರಿನಲ್ಲಿ 5 ಗಿಗಾಹರ್ಟ್ಸ್‌ನ ಹೆಸರು ಇದ್ದರೂ ನನ್ನ ಕನ್ಸೋಲಿನಲ್ಲಿ ಕಾಣುತ್ತಿಲ್ಲ ಎಂದು ಕೇಳುವವರಿಗೆ ಉತ್ತರ ಇದೇ. ಮೂಲ ಪಿಎಸ್4 ಇರುವವರು ಅಪಾರ್ಟ್‌ಮೆಂಟಿನ ಅಕ್ಕಪಕ್ಕದ ಹತ್ತಾರು ರೌಟರುಗಳ ಜೊತೆ, ಮೈಕ್ರೊವೇವ್ ಓವನ್ನಿನ ಜೊತೆ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಹಂಚಿಕೊಳ್ಳಬೇಕು. ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಚಾನೆಲನ್ನು 1, 6, 11 ಈ ಮೂರರಲ್ಲಿ ಕಡಿಮೆ ದಟ್ಟಣೆ ಇರುವುದಕ್ಕೆ ಬದಲಿಸಿದರೆ ತುಸು ನೆಮ್ಮದಿ ಸಿಗುತ್ತದೆ.

ಸಂಜೆ ಏಳರ ನಂತರ, ಮನೆಮಂದಿಯೆಲ್ಲ ಮರಳಿದ ಮೇಲೆ ಮಾತ್ರ ಲ್ಯಾಗ್ ಎನ್ನುವವರು ಅಪ್‌ಲೋಡ್ ಕಡೆ ಗಮನ ಕೊಡಿ. ಯಾರದೋ ಫೋನು ಮದುವೆಯ ವಿಡಿಯೊಗಳನ್ನು ಕ್ಲೌಡಿಗೆ ಕಳುಹಿಸಲು ತೊಡಗಿದರೆ ರೌಟರಿನಲ್ಲಿ ಹೊರಹೋಗುವ ಡೇಟಾದ ಸಾಲು ಉದ್ದವಾಗಿ, ನಿಮ್ಮ ಆಟದ ಪುಟ್ಟ ಆದೇಶವೂ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ರೌಟರಿನಲ್ಲಿ ಕ್ಯೂಒಎಸ್ ಎಂಬ ಸೌಲಭ್ಯವಿದ್ದರೆ ಕನ್ಸೋಲಿಗೆ ಆದ್ಯತೆ ಕೊಡಬಹುದು. ಇಲ್ಲದಿದ್ದರೆ ಬ್ಯಾಕಪ್ಪನ್ನು ರಾತ್ರಿಗೆ ಮುಂದೂಡುವಂತೆ ಮನೆಯವರ ಜೊತೆ ಮಾತಾಡಿಕೊಳ್ಳುವುದೇ ದಾರಿ.

ಕನ್ಸೋಲಿನ ‘ಟೆಸ್ಟ್ ಇಂಟರ್ನೆಟ್ ಕನೆಕ್ಷನ್’ ಪರೀಕ್ಷೆಯಲ್ಲಿ ನ್ಯಾಟ್ ಟೈಪ್ 3 (ಹೊರಗಿನಿಂದ ಕನ್ಸೋಲಿಗೆ ಬರುವ ಸಂಪರ್ಕಗಳಿಗೆ ಹೆಚ್ಚು ತಡೆ ಇರುವ ಸ್ಥಿತಿ) ಎಂದು ಬಂದರೆ ಗೆಳೆಯರ ಜೊತೆ ಸೇರಿಕೊಳ್ಳುವುದು, ಧ್ವನಿ ಮಾತುಕತೆ ಕಷ್ಟವಾಗುತ್ತವೆ. ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವ ಸಂಪರ್ಕಗಳಲ್ಲಿ ಇದು ಸಾಮಾನ್ಯ. ರೌಟರಿನಲ್ಲಿ ಯುಪಿಎನ್‌ಪಿ (ಕನ್ಸೋಲಿಗೆ ಬೇಕಾದ ದಾರಿಯನ್ನು ರೌಟರ್ ತಾನಾಗಿ ತೆರೆದುಕೊಡುವ ಸೌಲಭ್ಯ) ಆನ್ ಮಾಡಿಯೂ ಬದಲಾಗದಿದ್ದರೆ ಪ್ರತ್ಯೇಕ ಸಾರ್ವಜನಿಕ ಐಪಿ ವಿಳಾಸ ಸಿಗುತ್ತದೆಯೇ ಎಂದು ಸಂಸ್ಥೆಯನ್ನು ಕೇಳಿ. ಡಿಎನ್‌ಎಸ್ ಬದಲಿಸಿದರೆ ಪಿಂಗ್ ಇಳಿಯುತ್ತದೆ ಎಂಬ ಸಲಹೆಯನ್ನು ನಂಬಬೇಡಿ: ಡಿಎನ್‌ಎಸ್ ಸರ್ವರಿನ ಹೆಸರಿಗೆ ವಿಳಾಸ ಹುಡುಕಿಕೊಡುತ್ತದೆ ಅಷ್ಟೇ, ಪಂದ್ಯ ಶುರುವಾದ ಮೇಲೆ ಅದಕ್ಕೆ ಕೆಲಸವಿಲ್ಲ.

ಕೊನೆಯದಾಗಿ ದೂರದ ಲೆಕ್ಕ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ಗೆರೆ ಎಳೆದರೂ ಸುಮಾರು 3,200 ಕಿಲೋಮೀಟರ್. ಹೋಗಿ ಬರಲು 32 ಮಿಲಿಸೆಕೆಂಡಿಗಿಂತ ಕಡಿಮೆ ಸಾಧ್ಯವೇ ಇಲ್ಲ, ಕೇಬಲ್ಲುಗಳು ಸುತ್ತಿಕೊಂಡು ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿರುವ ಚಿಕ್ಕಪ್ಪನ ಮಗನ ಜೊತೆ ಆಡುವಾಗ ಪಂದ್ಯ ಅಲ್ಲಿನ ಸರ್ವರಿನಲ್ಲಿ ನಡೆದರೆ ಸುಮಾರು 14,000 ಕಿಲೋಮೀಟರ್ ದೂರಕ್ಕೆ ಕನಿಷ್ಠ 140 ಮಿಲಿಸೆಕೆಂಡು. ಇದನ್ನು ಯಾವ ರೌಟರೂ ಇಳಿಸಲಾರದು. ಸರ್ವರ್ ಪ್ರದೇಶವನ್ನು ಆರಿಸಿಕೊಳ್ಳಲು ಆಟ ಅವಕಾಶ ಕೊಟ್ಟರೆ ಮುಂಬೈ ಅಥವಾ ಸಿಂಗಪುರ ಇದೆಯೇ ನೋಡಿ.

ಹಂತ 6: ಎಸ್‌ಎಸ್‌ಡಿ ಹಾಕುವುದು

ಪಿಎಸ್4ರ ಒಳಗೆ ಇರುವುದು ನಿಮಿಷಕ್ಕೆ 5,400 ಸುತ್ತು ತಿರುಗುವ, ಲ್ಯಾಪ್‌ಟಾಪಿನಲ್ಲಿ ಬಳಸುವಂತಹ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹಾಕಿದರೆ ಲೋಡಿಂಗ್ ಮತ್ತು ಮೆನುಗಳು ಚುರುಕಾಗುತ್ತವೆ. ಫ್ರೇಮ್ ರೇಟ್ ಏರುವುದಿಲ್ಲ, ಪಿಂಗ್ ಇಳಿಯುವುದಿಲ್ಲ. ಇದನ್ನು ತಿಳಿದೇ ಹಣ ಹಾಕಿ.

ಯಂತ್ರ ಬಿಚ್ಚದೆ ಮಾಡಬಹುದಾದ ದಾರಿಯೂ ಇದೆ. 2017ರಲ್ಲಿ ಬಂದ 4.50 ಸಾಫ್ಟ್‌ವೇರ್ ಆವೃತ್ತಿಯಿಂದ ಪಿಎಸ್4 ಹೊರಗಿನ ಯುಎಸ್‌ಬಿ 3.0 ಡ್ರೈವಿನಿಂದಲೂ ಆಟಗಳನ್ನು ಓಡಿಸುತ್ತದೆ. ಸಾಮರ್ಥ್ಯ 250 ಜಿಬಿಯಿಂದ 8 ಟಿಬಿಯೊಳಗೆ ಇರಬೇಕು. ಪೋರ್ಟಬಲ್ ಎಸ್‌ಎಸ್‌ಡಿಯನ್ನು ನೇರವಾಗಿ ಕನ್ಸೋಲಿಗೆ ಚುಚ್ಚಿ (ಯುಎಸ್‌ಬಿ ಹಬ್ ಮೂಲಕ ನಡೆಯುವುದಿಲ್ಲ), ‘ಎಕ್ಸ್‌ಟೆಂಡೆಡ್ ಸ್ಟೋರೇಜ್’ ಆಗಿ ಫಾರ್ಮ್ಯಾಟ್ ಮಾಡಿ, ಹೆಚ್ಚು ಆಡುವ ಆಟಗಳನ್ನು ಅದಕ್ಕೆ ಸಾಗಿಸಿ. ಫಾರ್ಮ್ಯಾಟ್ ಮಾಡಿದಾಗ ಡ್ರೈವಿನಲ್ಲಿದ್ದ ಮನೆಯ ಫೋಟೊಗಳೆಲ್ಲ ಅಳಿಯುತ್ತವೆ ಎಂಬುದು ನೆನಪಿರಲಿ. ಒಳಗಿನ ಡಿಸ್ಕ್ ಆರೋಗ್ಯವಾಗಿದ್ದರೆ ಬಹುತೇಕರಿಗೆ ನಾನು ಸೂಚಿಸುವುದು ಈ ದಾರಿಯನ್ನೇ. ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ, ಆನ್ ಮಾಡಿದಾಗೆಲ್ಲ ಸ್ಟೋರೇಜ್ ದೋಷದ ಸಂದೇಶ ಬರುತ್ತಿದ್ದರೆ ಮಾತ್ರ ಒಳಗಿನದನ್ನೇ ಬದಲಿಸಬೇಕು.

ಬದಲಿಸಲು ಸಾಟಾ ಜೋಡಣೆಯ, 9.5 ಮಿಲಿಮೀಟರಿಗಿಂತ ದಪ್ಪವಿಲ್ಲದ ಎರಡೂವರೆ ಇಂಚಿನ ಡ್ರೈವ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ಬಿಲ್ಲು ಮತ್ತು ವಾರಂಟಿ ಸಮೇತ ಕೊಳ್ಳಿ. ಬಳಿಕ:

1. ಸೇವ್ ಡೇಟಾವನ್ನು ಪೆನ್ ಡ್ರೈವಿಗೆ ತೆಗೆದಿಟ್ಟುಕೊಳ್ಳಿ, ಟ್ರೋಫಿಗಳನ್ನು ಆನ್‌ಲೈನ್ ಖಾತೆಗೆ ಸಿಂಕ್ ಮಾಡಿ.
2. ಇನ್ನೊಂದು ಪೆನ್ ಡ್ರೈವಿನಲ್ಲಿ ‘ಪಿಎಸ್4’ ಎಂಬ ಫೋಲ್ಡರ್, ಅದರೊಳಗೆ ‘ಅಪ್‌ಡೇಟ್’ ಎಂಬ ಫೋಲ್ಡರ್ ರಚಿಸಿ. ಹೆಸರುಗಳು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಇರಬೇಕು. ಪ್ಲೇಸ್ಟೇಷನ್‌ನ ಅಧಿಕೃತ ತಾಣದಿಂದ ಮರುಸ್ಥಾಪನೆಯ ಕಡತವನ್ನು ಇಳಿಸಿ ಅಲ್ಲಿಡಿ. ಅದೇ ಪುಟದಲ್ಲಿ ಬರೀ ಅಪ್‌ಡೇಟಿನ ಕಡತವೂ ಇರುತ್ತದೆ, ಅದು ಗಾತ್ರದಲ್ಲಿ ಚಿಕ್ಕದು. ಹೊಸ ಡಿಸ್ಕಿಗೆ ಅದು ಸಾಲದು. ಎರಡು ಬಾರಿ ಇಳಿಸಿದ್ದರೆ ಕಂಪ್ಯೂಟರ್ ಕಡತದ ಹೆಸರಿನ ಕೊನೆಗೆ (1) ಎಂದು ಸೇರಿಸಿರುತ್ತದೆ. ಅದನ್ನು ಅಳಿಸದಿದ್ದರೆ ಕನ್ಸೋಲ್ ಕಡತ ಸಿಗಲಿಲ್ಲ ಎನ್ನುತ್ತದೆ.
3. ವೈರುಗಳನ್ನೆಲ್ಲ ತೆಗೆಯಿರಿ. ಸ್ಲಿಮ್‌ನಲ್ಲಿ ಹಿಂಬದಿಯ ಮೂಲೆಯ ಚಿಕ್ಕ ಮುಚ್ಚಳ ಸರಿಸಿದರೆ, ಮೂಲ ಮಾದರಿಯಲ್ಲಿ ಮೇಲಿನ ಪುಟ್ಟ ಹೊದಿಕೆಯನ್ನು ಪಕ್ಕಕ್ಕೆ ಜಾರಿಸಿದರೆ, ತಲೆಯ ಮೇಲೆ ಪ್ಲೇಸ್ಟೇಷನ್ ಗುಂಡಿಗಳ ಚಿಹ್ನೆಗಳಿರುವ ಸ್ಕ್ರೂ ಕಾಣುತ್ತದೆ. ಅದೊಂದನ್ನು ತೆಗೆದರೆ ಡಿಸ್ಕ್ ತನ್ನ ಲೋಹದ ತಟ್ಟೆಯ ಸಮೇತ ಹೊರಗೆ ಜಾರಿಬರುತ್ತದೆ.
4. ತಟ್ಟೆಯ ಪಕ್ಕದ ಚಿಕ್ಕ ಸ್ಕ್ರೂಗಳನ್ನು ಬಿಚ್ಚಿ ಹೊಸ ಡ್ರೈವನ್ನು ಅದೇ ದಿಕ್ಕಿನಲ್ಲಿ ಕೂರಿಸಿ ಮರಳಿ ತಳ್ಳಿ. ಬಿಗಿ ಎನಿಸಿದರೆ ಒತ್ತಾಯ ಮಾಡದೆ ಹೊರತೆಗೆದು ದಿಕ್ಕನ್ನು ನೋಡಿಕೊಳ್ಳಿ.
5. ಸೇಫ್ ಮೋಡ್‌ಗೆ ಹೋಗಿ ಈ ಬಾರಿ 7ನೆಯ ಆಯ್ಕೆಯನ್ನು ಆರಿಸಿ, ಪೆನ್ ಡ್ರೈವಿನಿಂದ ಸಾಫ್ಟ್‌ವೇರ್ ಹಾಕಿಸಿ.

ಹಳೆಯ ಡಿಸ್ಕನ್ನು ಒಂದು ತಿಂಗಳಾದರೂ ಹಾಗೆಯೇ ಎತ್ತಿಡಿ. ಹೊಸದರಲ್ಲಿ ಏನಾದರೂ ತೊಡಕಾದರೆ ಅದನ್ನು ಮರಳಿ ಕೂರಿಸಿ ಮೊದಲಿನಂತೆ ಆಡಬಹುದು.

ಪಿಎಸ್5 ಮತ್ತು ಎಕ್ಸ್‌ಬಾಕ್ಸ್

ಪಿಎಸ್5ರ ಸೇಫ್ ಮೋಡ್‌ನ 5ನೆಯ ಆಯ್ಕೆಯಲ್ಲಿ ಕ್ಯಾಶ್, ಅಂದರೆ ತಾತ್ಕಾಲಿಕ ಕಡತಗಳನ್ನು ಅಳಿಸುವುದು ಮತ್ತು ಡೇಟಾಬೇಸ್ ಮರುಜೋಡಣೆ ಎರಡೂ ಸಿಗುತ್ತವೆ. ಅದರ ಹೊರಕವಚಗಳನ್ನು ಕೈಯಿಂದಲೇ ತೆಗೆಯಬಹುದು, ಧೂಳು ಸೇರಲೆಂದೇ ಮಾಡಿದ ರಂಧ್ರಗಳು ಒಳಗಿವೆ. ಆದರೆ ಪ್ರೊಸೆಸರಿನ ಮೇಲೆ ಪೇಸ್ಟಿನ ಬದಲು ದ್ರವ ಲೋಹವಿರುವುದರಿಂದ ಅದರಾಚೆಗೆ ಬಿಚ್ಚಬಾರದು. ಪಿಎಸ್5ರ ಆಟಗಳನ್ನು ಯುಎಸ್‌ಬಿ ಡ್ರೈವಿನಲ್ಲಿ ಇಡಬಹುದು, ಅಲ್ಲಿಂದ ಓಡಿಸಲಾಗುವುದಿಲ್ಲ. ಅದಕ್ಕೆ ಒಳಗಿನ ಎಂ.2 ಕಿಂಡಿಗೆ ತಂಪುಕಾರಕ ಸಹಿತವಾದ ಎಸ್‌ಎಸ್‌ಡಿ ಬೇಕು, ಸೆಕೆಂಡಿಗೆ 5,500 ಎಂಬಿ ಓದುವ ವೇಗ ಇರಬೇಕೆಂಬುದು ಸೋನಿಯ ಶಿಫಾರಸು. ಎಕ್ಸ್‌ಬಾಕ್ಸಿನಲ್ಲಿ ಕನ್ಸೋಲಿನ ಮೇಲಿನ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದು ಪೂರ್ತಿ ಆರಿಸಿ, ಪ್ಲಗ್ ತೆಗೆದು ಕೆಲವು ನಿಮಿಷ ಬಿಟ್ಟು ಮತ್ತೆ ಆನ್ ಮಾಡುವುದರಿಂದ ಆರಂಭಿಸಿ. ಟಿವಿ ಮತ್ತು ನೆಟ್‌ವರ್ಕಿನ ಹಂತಗಳು ಎಲ್ಲಕ್ಕೂ ಒಂದೇ.

ಅಂಗಡಿಗೆ ಕೊಡಲೇಬೇಕಾದರೆ

ಸೇವ್ ಡೇಟಾದ ನಕಲು ನಿಮ್ಮ ಬಳಿ ಇರಲಿ, ಯಂತ್ರದ ಸೀರಿಯಲ್ ಸಂಖ್ಯೆಯ ಫೋಟೊ ತೆಗೆದಿಡಿ, ನಿಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದೆಂದು ರಸೀದಿಯಲ್ಲೇ ಬರೆಸಿಕೊಳ್ಳಿ. ‘ಸ್ಲೋ ಆಗಿದೆ’ ಎಂದಷ್ಟೇ ಹೇಳಿ ಬಿಟ್ಟುಬರಬೇಡಿ. ಯಾವ ಆಟದಲ್ಲಿ, ಆನ್ ಮಾಡಿದ ಎಷ್ಟು ಹೊತ್ತಿಗೆ, ಆಫ್‌ಲೈನ್‌ನಲ್ಲೂ ಆಗುತ್ತದೆಯೇ, ಡೇಟಾಬೇಸ್ ಮರುಜೋಡಣೆಯ ನಂತರ ಏನಾದರೂ ಬದಲಾಯಿತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಜೊತೆಗೇ ಕೊಡಿ.